ಕನ್ನಡ ಮೀಡಿಯಂನಲ್ಲಿ ಓದಿ ಬಿಕಾಂ, ಬಿಬಿಎ ಸೇರಿದವ್ರು ಬಿಸಿನೆಸ್ ಇಂಗ್ಲಿಷ್ ಕಲಿಯೋದು ಹೇಗೆ?

ನಾನು ಪಿಯುಸಿವರೆಗೂ ಓದಿದ್ದು ಕನ್ನಡ ಮೀಡಿಯಂನಲ್ಲಿ, ಆಮೇಲೆ ತಿಪಟೂರು ಕಡೆಯ ಒಂದು ಸರ್ಕಾರಿ ಕಾಲೇಜಲ್ಲಿ ಬಿಕಾಂ ಮಾಡ್ದೆ. ಈಗ ಪೀಣ್ಯದಲ್ಲಿ ಮೆಷಿನ್ ಪಾರ್ಟ್ಸ್ ಮಾಡಿ ಹೊರದೇಶಕ್ಕೆ ಕಳಿಸೋ ಒಂದು ಕಂಪನೀಲಿ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ಸ್ ನೋಡ್ಕೋತೀನಿ, ಹನ್ನೊಂದು ವರ್ಷ ಆಯ್ತು. ಭಾನುವಾರ ಬಂದ್ರೆ ನಮ್ಮೂರ ಕಡೆಯ ಡಿಗ್ರಿ ಹುಡುಗ್ರು ಹುಡುಗೀರಿಗೆ ಆನ್‌ಲೈನಲ್ಲಿ ಬಿಸಿನೆಸ್ ಇಂಗ್ಲಿಷ್ ಹೇಳ್ಕೊಡ್ತೀನಿ. ಒಂದೇ ಕಾಲೇಜು, ಒಂದೇ ಲೆಕ್ಚರರು, ಪಿಯುಸೀಲಿ ಹೆಚ್ಚೂ ಕಮ್ಮಿ ಒಂದೇ ಮಾರ್ಕ್ಸು, ಆದ್ರೂ ಒಂದು ವರ್ಷ ಕಳೆಯೋ ಹೊತ್ತಿಗೆ ಒಬ್ರು ಕಸ್ಟಮರ್ ಜೊತೆ ಫೋನಲ್ಲಿ ಆರಾಮಾಗಿ ಮಾತಾಡ್ತಿರ್ತಾರೆ, ಇನ್ನೊಬ್ರು ಇನ್ನೂ ಟೆನ್ಸ್ ಟೇಬಲ್ ಬರ್ಕೊಂಡು ಕೂತಿರ್ತಾರೆ. ಯಾಕೆ ಹೀಗಾಗತ್ತೆ ಅಂತ ನಂಗೆ ಮೊದಮೊದ್ಲು ಅರ್ಥ ಆಗ್ತಿರ್ಲಿಲ್ಲ. ಈಗ ಒಂದಷ್ಟು ಗೊತ್ತಾಗಿದೆ, ಅದನ್ನ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ.

ಮೊದ್ಲು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿ ಅನ್ಸಿರೋ ವಿಷಯ ಹೇಳ್ತೀನಿ. ನನ್ನ ಹತ್ರ ಕಲಿತವ್ರಲ್ಲಿ ತುಂಬಾ ಬೇಗ ಮೇಲೆ ಬಂದೋನು ಒಬ್ಬ ಕೊಬ್ಬರಿ ವ್ಯಾಪಾರಿ ಮಗ. ಇಂಗ್ಲಿಷಲ್ಲಿ ಮಾರ್ಕ್ಸು ಜಾಸ್ತಿ ಏನಿಲ್ಲ, ಗ್ರಾಮರ್ ಕೇಳಿದ್ರೆ ತಡವರಿಸ್ತಿದ್ದ. ಆದ್ರೆ ಚಿಕ್ಕ ವಯಸ್ಸಿಂದ ಅಪ್ಪನ ಜೊತೆ ಎಪಿಎಂಸೀಲಿ ನಿಂತು ರೇಟು ಕೂಗೋದು, ಮುಂಗಡ, ಉದ್ರಿ, ಬಾಕಿ ವಸೂಲಿ, ಮಾಲು ವಾಪಸ್ ಬಂದ್ರೆ ಏನು ಮಾಡ್ಬೇಕು ಎಲ್ಲಾ ನೋಡಿದ್ದ. ಅವನಿಗೆ ಅಡ್ವಾನ್ಸ್ ಪೇಮೆಂಟ್, ಕ್ರೆಡಿಟ್ ಪೀರಿಯಡ್, ಔಟ್‌ಸ್ಟ್ಯಾಂಡಿಂಗ್, ಕ್ರೆಡಿಟ್ ನೋಟ್ ಅಂತ ಹೇಳಿದ ತಕ್ಷಣ ತಲೇಲಿ ಒಂದು ಚಿತ್ರ ಬರ್ತಿತ್ತು, ಪದ ಅಲ್ಲೇ ಕೂತ್ಕೊಳ್ತಿತ್ತು. ಇನ್ನೊಬ್ಳು ಹುಡುಗಿ ಇಂಗ್ಲಿಷಲ್ಲಿ ಕ್ಲಾಸಿಗೇ ಫಸ್ಟು, ಆದ್ರೆ ಕ್ರೆಡಿಟ್ ನೋಟ್ ಅನ್ನೋದು ಅವಳಿಗೆ ಪುಸ್ತಕದ ಎರಡು ಸಾಲಿನ ಡೆಫಿನಿಷನ್ ಅಷ್ಟೇ ಆಗಿತ್ತು. ಬಿಸಿನೆಸ್ ಇಂಗ್ಲಿಷ್ ಅನ್ನೋದ್ರಲ್ಲಿ ಬಿಸಿನೆಸ್ ಅರ್ಧ, ಇಂಗ್ಲಿಷ್ ಅರ್ಧ. ಮೊದಲನೇ ಅರ್ಧ ನಿಮಗೆ ಕನ್ನಡದಲ್ಲಿ ಗೊತ್ತಿದ್ರೆ ನೀವು ಸೊನ್ನೆಯಿಂದ ಶುರು ಮಾಡ್ತಿಲ್ಲ, ಇದನ್ನ ದಯವಿಟ್ಟು ನಂಬಿ.

ಹೆಜ್ಜೆ 1: ಯಾವ ಕೆಲಸಕ್ಕೆ ಇಂಗ್ಲಿಷ್ ಬೇಕು ಅಂತ ಮೊದ್ಲು ಬರೀರಿ

"ಇಂಗ್ಲಿಷ್ ಇಂಪ್ರೂವ್ ಮಾಡ್ಕೋಬೇಕು ಸರ್" ಅಂತ ಬರೋರಿಗೆ ನಾನು ಮೊದ್ಲು ಕೇಳೋದು, ಯಾವ ಕೆಲಸ ಮಾಡೋಕೆ ಅಂತ. ಇದಕ್ಕೆ ಉತ್ತರ ಇಲ್ದೋರು ಎರಡು ತಿಂಗಳಲ್ಲಿ ಬಿಟ್ಟು ಹೋಗ್ತಾರೆ. ಭಾಷೆ ಕಲಿಕೆ ಬಗ್ಗೆ ಸಂಶೋಧನೆ ಮಾಡ್ದೋರೂ ಇದನ್ನ ಬಹಳ ಹಿಂದೇನೇ ಹೇಳಿದಾರೆ. ಕೆನಡಾದಲ್ಲಿ ರಾಬರ್ಟ್ ಗಾರ್ಡ್ನರ್, ವಾಲೇಸ್ ಲ್ಯಾಂಬರ್ಟ್ ಅನ್ನೋ ಇಬ್ರು 1959ರಿಂದಲೇ ಕಲಿಯೋರ ಉದ್ದೇಶ ಅನ್ನೋದು ಬುದ್ಧಿಶಕ್ತಿಯಿಂದ ಬೇರೆಯಾಗಿ ನಿಂತು ಕಲಿಕೆ ಮೇಲೆ ಪ್ರಭಾವ ಬೀರತ್ತೆ ಅಂತ ತೋರಿಸ್ತಾ ಬಂದ್ರು. ಕೆಲಸಕ್ಕಾಗಿ ಕಲಿಯೋದು ಒಂದು ಥರ, ಆ ಭಾಷೆ ಜನರ ಜೊತೆ ಬೆರೆಯೋಕೆ ಕಲಿಯೋದು ಇನ್ನೊಂದು ಥರ ಅಂತ ಅವ್ರು ವಿಂಗಡಿಸಿದ್ರು. ನಮ್ಮ ಹುಡುಗ್ರದ್ದು ಬಹುತೇಕ ಮೊದಲನೇದು, ಅದ್ರಲ್ಲಿ ಏನೂ ತಪ್ಪಿಲ್ಲ, ಆದ್ರೆ ಆ ಕೆಲಸ ಕಣ್ಣಿಗೆ ಕಾಣೋ ಹಾಗಿರ್ಬೇಕು.

ಹಾಗಾಗಿ ಹೀಗೆ ಮಾಡಿ. ನಿಮ್ಮ ಡಿಗ್ರಿಗೆ ಸಿಗೋ ಕೆಲಸಗಳ ಐದಾರು ಜಾಬ್ ಪೋಸ್ಟಿಂಗ್ ಹುಡುಕಿ: ಅಕೌಂಟ್ಸ್ ಅಸಿಸ್ಟೆಂಟ್, ಬ್ಯಾಂಕ್ ಸೇಲ್ಸ್, ಪರ್ಚೇಸ್ ಅಸಿಸ್ಟೆಂಟ್, ಕಸ್ಟಮರ್ ಸಪೋರ್ಟ್, ಲಾಜಿಸ್ಟಿಕ್ಸ್, ಯಾವುದಾದ್ರೂ ಸರಿ. ಅದ್ರಲ್ಲಿ ಇಂಗ್ಲಿಷ್ ಎಲ್ಲೆಲ್ಲಿ ಬೇಕಾಗತ್ತೆ ಅಂತ ಕನ್ನಡದಲ್ಲೇ ಪಟ್ಟಿ ಮಾಡಿ. ವೆಂಡರ್‌ಗೆ ಮೇಲ್ ಹಾಕಿ ಕೊಟೇಶನ್ ಕೇಳೋದು, ಬಾಕಿ ಹಣಕ್ಕೆ ಫಾಲೋಅಪ್ ಮಾಡೋದು, ಮೀಟಿಂಗಲ್ಲಿ ಎರಡು ನಿಮಿಷ ಸ್ಟೇಟಸ್ ಹೇಳೋದು, ಜಿಎಸ್‌ಟಿ ನೋಟಿಸ್ ಓದಿ ಬಾಸ್‌ಗೆ ಏನಂತ ಹೇಳೋದು, ಹೀಗೆ. ಊರಿನ ಸೀನಿಯರ್ ಯಾರಾದ್ರೂ ಕೆಲಸದಲ್ಲಿದ್ರೆ ಅವ್ರಿಗೆ ಫೋನ್ ಮಾಡಿ, ಅಣ್ಣಾ ನೀವು ನಿನ್ನೆ ಆಫೀಸಲ್ಲಿ ಇಂಗ್ಲಿಷಲ್ಲಿ ಏನೇನು ಬರ್ದ್ರಿ, ಏನೇನು ಮಾತಾಡಿದ್ರಿ ಅಂತ ಕೇಳಿ. ಹತ್ತು ಹನ್ನೆರಡು ಕೆಲಸ ಸಿಗತ್ತೆ ಅಷ್ಟೇ, ಅದಕ್ಕಿಂತ ಜಾಸ್ತಿ ಇರೋದಿಲ್ಲ. ಅದೇ ನಿಮ್ಮ ನಿಜವಾದ ಸಿಲಬಸ್ಸು.

ಹೆಜ್ಜೆ 2: ಈಗ ಎಲ್ಲಿದೀರ, ಎಷ್ಟು ಟೈಮ್ ಬೇಕು

30 ದಿನದಲ್ಲಿ ಇಂಗ್ಲಿಷ್ ಅನ್ನೋ ಬೋರ್ಡು ನಮ್ಮ ಬಸ್‌ಸ್ಟ್ಯಾಂಡ್‌ಗಳಲ್ಲೆಲ್ಲಾ ಇರತ್ತೆ. ಅದನ್ನ ನಂಬಿ ದುಡ್ಡು ಕಟ್ಟಿ, 30 ದಿನ ಆದ್ಮೇಲೆ ಬಂದಿಲ್ಲ ಅಂದಾಗ ತಪ್ಪು ನಮ್ಮಲ್ಲೇ ಇದೆ, ನಮ್ಮ ತಲೆಗೆ ಹತ್ತಲ್ಲ ಅಂತ ಅಂದ್ಕೊಳ್ಳೋ ಹುಡುಗ್ರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ. ಯುರೋಪಿನವ್ರು 2001ರಲ್ಲಿ ತಂದ ಒಂದು ಅಳತೆಗೋಲಿದೆ, ಎ1ರಿಂದ ಸಿ2ವರೆಗೆ ಆರು ಮಟ್ಟ. ಬಿ1 ಅಂದ್ರೆ ಪರಿಚಯದ ವಿಷಯದಲ್ಲಿ ಹೇಗೋ ನಿಭಾಯಿಸ್ತೀರಿ, ಬಿ2 ಅಂದ್ರೆ ಆಫೀಸ್ ಕೆಲಸವನ್ನ ಇಂಗ್ಲಿಷಲ್ಲಿ ಧೈರ್ಯವಾಗಿ ಮಾಡ್ತೀರಿ. ಸೊನ್ನೆಯಿಂದ ಬಿ1ಗೆ ಸುಮಾರು 350ರಿಂದ 400 ಗಂಟೆ, ಬಿ2ಗೆ 500ರಿಂದ 600 ಗಂಟೆ ಕಲಿಕೆ ಬೇಕು ಅಂತ ಕೇಂಬ್ರಿಡ್ಜ್ ಪರೀಕ್ಷೆಯವ್ರ ಅಂದಾಜು. ಅಂದ್ರೆ ಬಿ1ರಲ್ಲಿರೋರು ದಿನಕ್ಕೆ ಒಂದು ಗಂಟೆ ಸರಿಯಾಗಿ ಕೂತ್ರೆ ಬಿ2 ಮುಟ್ಟೋಕೆ ಸುಮಾರು ಆರೇಳು ತಿಂಗಳು. ಇದು ಹೆದರಿಸೋ ಲೆಕ್ಕ ಅಲ್ಲ, ನೆಮ್ಮದಿ ಕೊಡೋ ಲೆಕ್ಕ, ಯಾಕಂದ್ರೆ ಎರಡು ತಿಂಗಳಲ್ಲಿ ಬರ್ಲಿಲ್ಲ ಅಂದ್ರೆ ನಿಮ್ಮಲ್ಲಿ ದೋಷ ಏನೂ ಇಲ್ಲ, ಗಂಟೆ ತುಂಬಿಲ್ಲ ಅಷ್ಟೇ.

ಮಟ್ಟ ನೋಡ್ಕೊಳ್ಳೋಕೆ ಆನ್‌ಲೈನಲ್ಲಿ ಫ್ರೀ ಟೆಸ್ಟ್‌ಗಳಿವೆ. ಅದ್ರ ಜೊತೆ ಇನ್ನೊಂದು ಮಾಡಿ, ಫೋನಲ್ಲಿ ರೆಕಾರ್ಡರ್ ಆನ್ ಮಾಡಿ ಎರಡು ನಿಮಿಷ ನಿಮ್ಮ ಮನೆ ಕೆಲಸ, ಅಂಗಡಿ ಅಥವಾ ತೋಟದ ವ್ಯವಹಾರದ ಬಗ್ಗೆ ಇಂಗ್ಲಿಷಲ್ಲಿ ಮಾತಾಡಿ ಇಟ್ಕೊಳ್ಳಿ. ತಪ್ಪಾದ್ರೂ ನಿಲ್ಲಿಸ್ಬೇಡಿ, ಡಿಲೀಟ್ ಮಾಡ್ಬೇಡಿ.

ಹೆಜ್ಜೆ 3: ಭಯ

ಇದು ದೊಡ್ಡ ವಿಷಯ, ಇದ್ರ ಬಗ್ಗೆ ಸ್ವಲ್ಪ ಜಾಸ್ತೀನೇ ಬರೀತೀನಿ. ನಮ್ಮ ಸೆಕ್ಷನಲ್ಲಿ 90 ಜನ ಇದ್ವಿ. ಇಂಗ್ಲಿಷ್ ಪೀರಿಯಡಲ್ಲಿ ಎದ್ದು ನಿಂತು ಓದು ಅಂದ್ರೆ ಮೈ ಬೆವೀತಿತ್ತು, ತಪ್ಪು ಓದಿದ್ರೆ ಹಿಂದಿನ ಬೆಂಚಿಂದ ನಗು ಬರ್ತಿತ್ತು, ಆ ನಗು ಮೂರು ವರ್ಷ ನನ್ನ ಬಾಯಿ ಕಟ್ಟಿಹಾಕ್ತು. 1986ರಲ್ಲಿ ಇಲೇನ್ ಹಾರ್ವಿಟ್ಜ್ ಮತ್ತೆ ಅವ್ರ ಜೊತೆಯವ್ರು ಈ ಭಯಾನ ಅಳೆಯೋಕೇ ಅಂತ 33 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದ್ರು. ಪರಭಾಷೆ ಕ್ಲಾಸಲ್ಲಿ ಬರೋ ಭಯ ಅನ್ನೋದು ಸಾಮಾನ್ಯ ಪರೀಕ್ಷೆ ಭಯ ಅಲ್ಲ, ಅದೇ ಒಂದು ಬೇರೆ ಥರದ್ದು ಅಂತ ಅವ್ರ ವಾದ. ಯಾಕಂದ್ರೆ ಲೆಕ್ಕ ತಪ್ಪಾದ್ರೆ ಲೆಕ್ಕ ತಪ್ಪಾಯ್ತು, ಮಾತು ತಪ್ಪಾದ್ರೆ ಮನುಷ್ಯನೇ ದಡ್ಡ ಅಂತ ಕಾಣ್ಸತ್ತೆ. ಕನ್ನಡದಲ್ಲಿ ಅಷ್ಟು ಚೆನ್ನಾಗಿ ಮಾತಾಡೋ ಹುಡುಗ ಇಂಗ್ಲಿಷಿಗೆ ಬಂದ ಕೂಡ್ಲೇ ನಾಲ್ಕು ವರ್ಷದ ಮಗು ಥರ ಆಗ್ಬಿಡ್ತಾನೆ, ಆ ಅವಮಾನ ಬೇಡ ಅಂತ ಸುಮ್ನಿದ್ಬಿಡ್ತಾನೆ.

ಭಯ ಹೋಗು ಅಂದ್ರೆ ಹೋಗಲ್ಲ. ಧೈರ್ಯ ತುಂಬೋ ಭಾಷಣದಿಂದಲೂ ಹೋಗಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದು ಈ ವಿಷಯದಲ್ಲಿ ನಂಗೆ ತುಂಬಾ ಸರಿ ಅನ್ಸಿದೆ: ನನ್ನಿಂದ ಆಗತ್ತೆ ಅನ್ನೋ ನಂಬಿಕೆ ಎಲ್ಲಕ್ಕಿಂತ ಜಾಸ್ತಿ ಬರೋದು ಮಾಡಿ ಗೆದ್ದ ಅನುಭವದಿಂದ. ಅದಕ್ಕೇ ಚಿಕ್ಕ ಚಿಕ್ಕ ಗೆಲುವು ಬೇಕು, ಅದೂ ಈ ಕ್ರಮದಲ್ಲಿ. ಮೊದಲ ಎರಡು ವಾರ ಒಬ್ರೇ, ರೂಮಲ್ಲಿ, ಫೋನ್ ರೆಕಾರ್ಡರ್ ಜೊತೆ. ಆಮೇಲೆ ಒಬ್ರೇ ಒಬ್ಬ ಫ್ರೆಂಡ್ ಜೊತೆ ವಾಯ್ಸ್ ಮೆಸೇಜಲ್ಲಿ, ಯಾಕಂದ್ರೆ ವಾಯ್ಸ್ ಮೆಸೇಜ್ ಸರಿ ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳಿ ಕಳಿಸ್ಬಹುದು. ಆಮೇಲೆ ಅದೇ ಫ್ರೆಂಡ್ ಜೊತೆ ಲೈವ್ ಕಾಲ್. ಆಮೇಲೆ ನಾಲ್ಕು ಜನರ ಗುಂಪು. ಆಮೇಲೆ ಗುರುತಿಲ್ಲದವ್ರ ಜೊತೆ, ಅಂದ್ರೆ ಯಾವುದಾದ್ರೂ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕನ್ನಡದ ಬದ್ಲು ಇಂಗ್ಲಿಷ್ ಒತ್ತಿ, ನಿಮಗೆ ನಿಜವಾಗ್ಲೂ ಬೇಕಾಗಿರೋ ಒಂದು ಮಾಹಿತಿ ಕೇಳಿ. ಅಲ್ಲಿ ನಿಮ್ಮನ್ನ ನೋಡಿ ನಗೋರು ಯಾರೂ ಇಲ್ಲ. ಕ್ಲಾಸಲ್ಲಿ ಎದ್ದು ನಿಲ್ಲೋದು ಇದೆಲ್ಲಾ ಆದ್ಮೇಲೆ. ನಮ್ಮ ಕಾಲೇಜುಗಳಲ್ಲಿ ಇದನ್ನ ಉಲ್ಟಾ ಮಾಡ್ತೀವಿ, ಮೊದಲ ದಿನವೇ ಸ್ಟೇಜ್ ಹತ್ತಿಸಿ ಸೆಲ್ಫ್ ಇಂಟ್ರಡಕ್ಷನ್ ಕೇಳ್ತೀವಿ.

ಗುಂಪಿನ ವಿಷಯದಲ್ಲಿ ಒಂದೇ ಒಂದು ನಿಯಮ ಗಟ್ಟಿಯಾಗಿ ಇಟ್ಕೊಳ್ಳಿ, ಮಾತಿನ ಮಧ್ಯೆ ಯಾರೂ ಯಾರನ್ನೂ ತಿದ್ದೋ ಹಾಗಿಲ್ಲ. ಮುಗಿದ್ಮೇಲೆ ಒಬ್ರಿಗೆ ಎರಡೇ ತಪ್ಪು ಹೇಳ್ಬೇಕು, ಜಾಸ್ತಿ ಬೇಡ.

ಹೆಜ್ಜೆ 4: ಪದಗಳನ್ನ ಒಂಟಿಯಾಗಿ ಕಲೀಬೇಡಿ

ದಿನಕ್ಕೆ 20 ಪದ ಬಾಯಿಪಾಠ ಮಾಡೋದು ನಮ್ಮ ಹುಡುಗ್ರಿಗೆ ತುಂಬಾ ಇಷ್ಟ. ಅದ್ರಿಂದ ಉಪಯೋಗ ಕಮ್ಮಿ, ಯಾಕಂದ್ರೆ ಪದ ಗೊತ್ತಿದ್ರೂ ಅದು ಯಾವ ಪದದ ಜೊತೆ ಸೇರತ್ತೆ ಅಂತ ಗೊತ್ತಿರಲ್ಲ. ಕನ್ನಡದಲ್ಲೂ ಅಷ್ಟೇ ಅಲ್ವಾ, ಸಾಲ "ತಗೋತೀವಿ", ಸಾಲ "ತೀರಿಸ್ತೀವಿ", ಚೀಟಿ "ಎತ್ತೀವಿ", ಅಂಗಡಿ "ಹಾಕ್ತೀವಿ". ಹೊರಗಿನವ್ರು ಅಂಗಡಿ "ಮಾಡ್ದೆ" ಅಂದ್ರೆ ನಮಗೆ ಅರ್ಥ ಆಗತ್ತೆ, ಆದ್ರೆ ಕಿವಿಗೆ ಚುಚ್ಚತ್ತೆ. ಇಂಗ್ಲಿಷಲ್ಲಿ ಆರ್ಡರನ್ನ ಪ್ಲೇಸ್ ಮಾಡ್ತಾರೆ, ಇನ್‌ವಾಯ್ಸನ್ನ ರೇಯ್ಸ್ ಮಾಡ್ತಾರೆ, ಡೆಡ್‌ಲೈನನ್ನ ಮೀಟ್ ಮಾಡ್ತಾರೆ, ಡ್ಯೂಸನ್ನ ಕ್ಲಿಯರ್ ಮಾಡ್ತಾರೆ. ಹಾಗಾಗಿ ನೋಟ್‌ಬುಕ್ಕಲ್ಲಿ ಒಂದು ಪದ ಬರೀದೆ ಜೋಡಿ ಬರೀರಿ, ಪಕ್ಕದಲ್ಲಿ ನಿಮ್ಮ ಮನೆ ವ್ಯವಹಾರದಿಂದ ಒಂದು ಕನ್ನಡ ವಾಕ್ಯ ಬರೀರಿ. ದಿನಕ್ಕೆ ಐದು ಜೋಡಿ ಸಾಕು.

ಮರೆವಿನ ಬಗ್ಗೆ ಚಿಂತೆ ಬೇಡ, ಎಲ್ರೂ ಮರೀತಾರೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು, ಕಲಿತದ್ದು ಮೊದಲ ದಿನವೇ ಭರ್ರಂತ ಇಳಿದು ಆಮೇಲೆ ನಿಧಾನ ಆಗತ್ತೆ ಅಂತ ತೋರಿಸಿದ್ದ. ಅದಕ್ಕೆ ಮಾರನೇ ದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ಹೀಗೆ ಬಿಟ್ಟು ಬಿಟ್ಟು ತಿರುಗಿ ನೋಡ್ಬೇಕು. ನೋಡೋದು ಅಂದ್ರೆ ಓದೋದಲ್ಲ. ಕನ್ನಡ ಭಾಗ ಮಾತ್ರ ಕಾಣೋ ಹಾಗೆ ಕೈ ಮುಚ್ಚಿ, ಇಂಗ್ಲಿಷ್ ಜೋಡಿ ನೆನಪಿಂದ ತೆಗೀಬೇಕು. ತಲೆ ಕೆರ್ಕೊಂಡು ನೆನಪು ಮಾಡ್ಕೊಳ್ಳೋ ಆ ಹತ್ತು ಸೆಕೆಂಡಲ್ಲೇ ಪದ ಗಟ್ಟಿಯಾಗೋದು. ಆಂಕಿ ಅನ್ನೋ ಆ್ಯಪಲ್ಲಿ ಈ ದಿನಗಳ ಲೆಕ್ಕ ಅದೇ ಇಟ್ಕೊಳ್ಳತ್ತೆ, ಆಂಡ್ರಾಯ್ಡ್ ಫೋನಲ್ಲಿ ಫ್ರೀಯಾಗಿ ಸಿಗತ್ತೆ.

ಹೆಜ್ಜೆ 5: ಕಿವಿಗೆ ಸರಿಯಾದ ಊಟ ಹಾಕಿ

ಇಂಗ್ಲಿಷ್ ಸಿನಿಮಾ ನೋಡಿ ಕಲೀರಿ ಅಂತ ಎಲ್ರೂ ಹೇಳ್ತಾರೆ. ನೋಡಿ, ಬೇಡ ಅನ್ನಲ್ಲ, ಆದ್ರೆ ಸಿನಿಮಾದಲ್ಲಿ ಯಾರೂ ಪೇಮೆಂಟ್ ಫಾಲೋಅಪ್ ಮಾಡಲ್ಲ. ಬಿಸಿನೆಸ್ ಇಂಗ್ಲಿಷಿಗೆ ನಾನು ಕಂಡ್ಕೊಂಡಿರೋ ತುಂಬಾ ಒಳ್ಳೆ ಸಾಮಗ್ರಿ ಒಂದಿದೆ, ಅದನ್ನ ಯಾರೂ ಹೇಳ್ಕೊಡಲ್ಲ. ಷೇರು ಮಾರ್ಕೆಟ್‌ನಲ್ಲಿ ಲಿಸ್ಟ್ ಆಗಿರೋ ದೊಡ್ಡ ಕಂಪನಿಗಳು ಮೂರು ತಿಂಗಳಿಗೊಮ್ಮೆ ರಿಸಲ್ಟ್ ಕೊಟ್ಮೇಲೆ ಹೂಡಿಕೆದಾರರ ಜೊತೆ ಒಂದು ಫೋನ್ ಮೀಟಿಂಗ್ ಮಾಡ್ತಾರೆ, ಅದಕ್ಕೆ ಅರ್ನಿಂಗ್ಸ್ ಕಾಲ್ ಅಂತಾರೆ. ಅದ್ರ ಆಡಿಯೋನೂ, ಆಡಿದ ಮಾತೆಲ್ಲಾ ಬರೆದಿರೋ ಟ್ರಾನ್ಸ್‌ಕ್ರಿಪ್ಟೂ ಕಂಪನಿ ವೆಬ್‌ಸೈಟಲ್ಲಿ ಇನ್ವೆಸ್ಟರ್ ವಿಭಾಗದಲ್ಲಿ ಫ್ರೀಯಾಗಿ ಸಿಗತ್ತೆ. ನಮ್ಮ ಇನ್ಫೋಸಿಸ್, ಟೈಟನ್, ಮಂಗಳೂರಿನ ಕರ್ಣಾಟಕ ಬ್ಯಾಂಕ್ ಇವೆಲ್ಲಾ ಲಿಸ್ಟ್ ಆಗಿರೋ ಕಂಪನಿಗಳೇ. ಅಲ್ಲಿ ಮಾತಾಡೋರು ಬಹುತೇಕ ಭಾರತೀಯರು, ನಮ್ಮ ಉಚ್ಚಾರಣೇನೇ, ನಿಜವಾದ ವ್ಯವಹಾರದ ಮಾತು, ಕಷ್ಟದ ಪ್ರಶ್ನೆ ಬಂದಾಗ ಸಭ್ಯವಾಗಿ ಹೇಗೆ ಉತ್ತರ ಕೊಡ್ತಾರೆ ಅನ್ನೋದೂ ಸಿಗತ್ತೆ.

ಬಳಸೋದು ಹೇಗಂದ್ರೆ, ಐದೇ ನಿಮಿಷದ ತುಂಡು ತಗೊಳ್ಳಿ. ಮೊದ್ಲು ಬರೀ ಕೇಳಿ. ಆಮೇಲೆ ಟ್ರಾನ್ಸ್‌ಕ್ರಿಪ್ಟ್ ನೋಡ್ತಾ ಕೇಳಿ. ಗೊತ್ತಿಲ್ದೇ ಇರೋ ಪದ ಎಲ್ಲಾ ಹುಡುಕ್ಬೇಡಿ, ಮತ್ತೆ ಮತ್ತೆ ಬರೋದನ್ನ ಮಾತ್ರ ಹಿಡೀರಿ. ಮೂರನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ ಅದೇ ಧಾಟೀಲಿ ಹೇಳಿ. ಮೊದಲ ವಾರ ತಲೆ ಕೆಟ್ಟೋಗತ್ತೆ, ನಿಜ. ನಾಲ್ಕನೇ ವಾರಕ್ಕೆ ಮಾರ್ಜಿನ್, ಗ್ರೋತ್, ಗೈಡೆನ್ಸ್, ಆರ್ಡರ್ ಬುಕ್ ಅನ್ನೋದೆಲ್ಲಾ ಪರಿಚಯದ ಮುಖಗಳ ಥರ ಕಾಣೋಕೆ ಶುರುವಾಗತ್ತೆ. ಕೇಂದ್ರ ಸರ್ಕಾರದ ಸ್ವಯಂ, ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠದ ವೆಬ್‌ಸೈಟ್‌ಗಳಲ್ಲೂ ಬಿಸಿನೆಸ್ ಕಮ್ಯುನಿಕೇಶನ್ ಕೋರ್ಸ್‌ಗಳಿವೆ, ವಿಡಿಯೋ ನೋಡೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಫೀಸು.

ಹೆಜ್ಜೆ 6: ಕನ್ನಡ ಎಲ್ಲಿ ಕಾಲು ಹಿಡಿದು ಎಳೆಯತ್ತೆ ಅಂತ ಗೊತ್ತಿರ್ಲಿ

ಗ್ರಾಮರ್ ಪುಸ್ತಕ ಪೂರ್ತಿ ಓದೋ ಬದ್ಲು ಕನ್ನಡದವ್ರಿಗೇ ಆಗೋ ನಾಲ್ಕೈದು ತಪ್ಪು ತಿದ್ಕೊಂಡ್ರೆ ಸಾಕು. ಈ ತಪ್ಪುಗಳು ದಡ್ಡತನದಿಂದ ಬರೋದಲ್ಲ, ಕನ್ನಡದ ನಿಯಮ ಸರಿಯಾಗಿ ಗೊತ್ತಿರೋದ್ರಿಂದ ಬರೋದು.

ಎಲ್ಲಕ್ಕಿಂತ ಅಪಾಯದ್ದು ನಮ್ಮ "ಅಂತ". ಮ್ಯಾನೇಜರು "ನಾಳೆ ನಾನು ಬರ್ತೀನಿ" ಅಂತ ಹೇಳಿದ್ರು. ಕನ್ನಡದಲ್ಲಿ ಇಲ್ಲಿ "ನಾನು" ಅಂದ್ರೆ ಮ್ಯಾನೇಜರು, ಯಾರಿಗೂ ಗೊಂದಲ ಇಲ್ಲ. ಇದನ್ನೇ "ಮ್ಯಾನೇಜರ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ" ಅಂದ್ರೆ ಕೇಳೋರು ನೀವು ಬರ್ತೀರಿ ಅಂದ್ಕೋತಾರೆ. "ದಿ ಮ್ಯಾನೇಜರ್ ಸೆಡ್ ಹಿ ವುಡ್ ಕಮ್ ಟುಮಾರೋ" ಅನ್ಬೇಕು. ಆಫೀಸಲ್ಲಿ ದಿನಾ ಒಬ್ರ ಮಾತನ್ನ ಇನ್ನೊಬ್ರಿಗೆ ತಲುಪಿಸೋದೇ ಕೆಲಸ, ಅದಕ್ಕೇ ಇದನ್ನ ಬೇರೆಲ್ಲಾ ಬಿಟ್ಟು ಮೊದ್ಲು ಅಭ್ಯಾಸ ಮಾಡಿ. ಫ್ರೆಂಡ್ ಒಂದು ವಾಕ್ಯ ಕನ್ನಡದಲ್ಲಿ ಹೇಳ್ಲಿ, ನೀವು ಇಂಗ್ಲಿಷಲ್ಲಿ ಮೂರನೆಯವ್ರಿಗೆ ತಲುಪಿಸಿ, ದಿನಕ್ಕೆ ಹತ್ತು ಸಲ.

ಎರಡನೇದು "ಕಳಿಸಿದೀನಿ". ನಿನ್ನೆ ಮೇಲ್ ಕಳಿಸಿದೀನಿ ಸರ್, ಕನ್ನಡದಲ್ಲಿ ಸರಿ. ಇಂಗ್ಲಿಷಲ್ಲಿ ನಿನ್ನೆ, ಮೊನ್ನೆ, ಸೋಮವಾರ ಅಂತ ಟೈಮ್ ಹೇಳಿದ ಕೂಡ್ಲೇ "ಹ್ಯಾವ್" ಹೋಗ್ಬೇಕು: "ಐ ಸೆಂಟ್ ಇಟ್ ಯೆಸ್ಟರ್ಡೇ". ಟೈಮ್ ಹೇಳ್ದೇ ಇದ್ರೆ "ಐ ಹ್ಯಾವ್ ಸೆಂಟ್ ಇಟ್". ಮೂರನೇದು "ನಾನೇ ಕಳಿಸಿದ್ದು" ಅನ್ನೋದಕ್ಕೆ "ಐ ಓನ್ಲಿ ಸೆಂಟ್" ಅನ್ನೋದು, ಅದು ಹೊರಗಿನವ್ರಿಗೆ ಬರೀ ಕಳಿಸಿದೆ, ಬೇರೇನೂ ಮಾಡ್ಲಿಲ್ಲ ಅನ್ನೋ ಹಾಗೆ ಕೇಳ್ಸತ್ತೆ. "ಐ ಸೆಂಟ್ ಇಟ್ ಮೈಸೆಲ್ಫ್" ಅನ್ನಿ. ಆರ್ಟಿಕಲ್ಸ್, ಅಂದ್ರೆ ಎ, ಆ್ಯನ್, ದಿ ಬಗ್ಗೆ ಈಗ್ಲೇ ತಲೆ ಕೆಡಿಸ್ಕೊಳ್ಬೇಡಿ, ಕನ್ನಡದಲ್ಲಿ ಅದು ಇಲ್ವೇ ಇಲ್ಲ, ನಿಧಾನಕ್ಕೆ ಬರತ್ತೆ, ಅದು ತಪ್ಪಾದ್ರೆ ಯಾರ ಆರ್ಡರ್ರೂ ಕ್ಯಾನ್ಸಲ್ ಆಗಲ್ಲ.

ಉಚ್ಚಾರಣೇಲಿ ಅಮೆರಿಕದವ್ರ ಥರ ಮಾತಾಡೋದು ಬೇಡ. ಎಕ್ಸ್‌ಪೋರ್ಟ್‌ಗೆ "ಯೆಕ್ಸ್‌ಪೋರ್ಟ್", ಓನ್ಲಿಗೆ "ವೋನ್ಲಿ" ಅಂತ ಮುಂದೆ ಯ, ವ ಸೇರೋದನ್ನ ಗಮನಿಸಿ ಕಮ್ಮಿ ಮಾಡಿ, ಅಷ್ಟು ಸಾಕು. ಆದ್ರೆ ಫಿಫ್ಟೀನ್ ಮತ್ತೆ ಫಿಫ್ಟಿ, ಥರ್ಟೀನ್ ಮತ್ತೆ ಥರ್ಟಿ ಇದ್ರಲ್ಲಿ ಮಾತ್ರ ರಾಜಿ ಬೇಡ. ಫೋನಲ್ಲಿ ಸಂಖ್ಯೆ ಹೇಳಿದ್ಮೇಲೆ "ಒನ್ ಫೈವ್, ಫಿಫ್ಟೀನ್" ಅಂತ ಬಿಡಿಸಿ ಹೇಳೋ ಅಭ್ಯಾಸ ಮಾಡ್ಕೊಳ್ಳಿ, ನಮ್ಮ ಆಫೀಸಲ್ಲಿ ನಾವೆಲ್ಲಾ ಹಾಗೇ ಹೇಳೋದು.

ಸಂಖ್ಯೆ ವಿಷಯ ಬಂತು ಅಂತ ಇನ್ನೆರಡು ಹೇಳ್ತೀನಿ. ಹೊರದೇಶದವ್ರಿಗೆ ಲಕ್ಷ ಕೋಟಿ ಗೊತ್ತಾಗಲ್ಲ, 10 ಲಕ್ಷ ಅಂದ್ರೆ 1 ಮಿಲಿಯನ್, 1 ಕೋಟಿ ಅಂದ್ರೆ 10 ಮಿಲಿಯನ್, ಇದು ಬಾಯಲ್ಲಿ ತಟ್ಟಂತ ಬರ್ಬೇಕು. ಇನ್ನು ತಾರೀಖು. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಅಮೆರಿಕದ ಒಬ್ಬ ಗಿರಾಕಿ 04/07 ಅಂತ ಮೇಲ್ ಹಾಕಿದ್ರು. ಅವ್ರ ಲೆಕ್ಕದಲ್ಲಿ ಅದು ಏಪ್ರಿಲ್ 7, ಅಲ್ಲಿ ತಿಂಗಳು ಮುಂದೆ ಬರೀತಾರೆ. ನಾನು ಜುಲೈ 4 ಅಂದ್ಕೊಂಡು ಪ್ರೊಡಕ್ಷನ್‌ನವ್ರಿಗೆ ಹೇಳಿದ್ದೆ. ಅವತ್ತಿಂದ ತಿಂಗಳನ್ನ ಅಕ್ಷರದಲ್ಲೇ ಬರೀತೀನಿ, ನೀವೂ ಹಾಗೇ ಬರೀರಿ.

ಹೆಜ್ಜೆ 7: ಮೇಲ್ ಬರೆಯೋದು

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ರಜಾ ಚೀಟಿ ಬರ್ದು ಬರ್ದು ಬೆಳೆದೋರು ನಾವು. ಅದೇ ಧಾಟಿ ಇಂಗ್ಲಿಷಿಗೆ ಬಂದಾಗ ಮೊದಲ ಮೂರು ಸಾಲು ವಿನಂತೀಲೇ ಹೋಗತ್ತೆ, ಏನು ಬೇಕು ಅನ್ನೋದು ಕೊನೇಲಿ ಎಲ್ಲೋ ಇರತ್ತೆ. "ಕೈಂಡ್ಲಿ ಡೂ ದಿ ನೀಡ್‌ಫುಲ್" ಅಂತ ಮುಗಿಸ್ತೀವಿ, ಆದ್ರೆ ಆ ನೀಡ್‌ಫುಲ್ ಏನು ಅಂತ ಓದೋರಿಗೆ ಗೊತ್ತಾಗಲ್ಲ. ನಾಲ್ಕು ಸಾಲಿನ ಅಚ್ಚು ಇಟ್ಕೊಳ್ಳಿ. ಮೊದಲ ಸಾಲು, ಯಾವ ಆರ್ಡರ್ ಅಥವಾ ಇನ್‌ವಾಯ್ಸ್ ಬಗ್ಗೆ, ನಂಬರ್ ಸಮೇತ. ಎರಡನೇದು, ಏನಾಗಿದೆ. ಮೂರನೇದು, ಅವ್ರು ಏನು ಮಾಡ್ಬೇಕು. ನಾಲ್ಕನೇದು, ಯಾವ ದಿನದೊಳಗೆ. ಉದಾಹರಣೆಗೆ ಬಾಕಿ ಕೇಳೋ ಮೇಲ್: ದಿಸ್ ಈಸ್ ಅಬೌಟ್ ಇನ್‌ವಾಯ್ಸ್ ನಂಬರ್ 118. ದಿ ಪೇಮೆಂಟ್ ವಾಸ್ ಡ್ಯೂ ಆನ್ 10 ಜೂನ್ ಅಂಡ್ ವಿ ಹ್ಯಾವ್ ನಾಟ್ ರಿಸೀವ್ಡ್ ಇಟ್. ಕುಡ್ ಯು ಪ್ಲೀಸ್ ಸೆಂಡ್ ದಿ ಪೇಮೆಂಟ್, ಆರ್ ಲೆಟ್ ಅಸ್ ನೋ ದಿ ಡೇಟ್, ಬೈ ಫ್ರೈಡೇ? ಮುಗೀತು. "ಕುಡ್ ಯು ಪ್ಲೀಸ್" ಅನ್ನೋದ್ರಲ್ಲೇ ಬೇಕಾದಷ್ಟು ಮರ್ಯಾದೆ ಇದೆ, ನಮ್ಮ "ಕೊಡ್ತೀರಾ" ಇದ್ದ ಹಾಗೆ.

ಹೆಜ್ಜೆ ಒಂದರಲ್ಲಿ ಮಾಡಿದ ಪಟ್ಟೀಲಿರೋ ಒಂದೊಂದು ಕೆಲಸಕ್ಕೂ ಇಂಥ ಒಂದು ಮೇಲ್ ವಾರಕ್ಕೆ ಎರಡರಂತೆ ನೀವೇ ಬರೀರಿ. ಚಾಟ್‌ಜಿಪಿಟಿ ಥರದ್ದು ಬಳಸ್ಬಹುದಾ ಅಂತ ಎಲ್ರೂ ಕೇಳ್ತಾರೆ. ಬಳಸಿ, ಆದ್ರೆ ಮೊದ್ಲು ನೀವು ಬರ್ದು ಆಮೇಲೆ ಅದ್ರ ಹತ್ರ ತಪ್ಪು ಹೇಳು, ಯಾಕೆ ತಪ್ಪು ಅಂತ ಕನ್ನಡದಲ್ಲಿ ವಿವರಿಸು ಅಂತ ಕೇಳಿ. ಮೊದ್ಲೇ ಅದ್ರ ಕೈಲಿ ಬರೆಸಿದ್ರೆ ಮೇಲ್ ಚೆನ್ನಾಗಿರತ್ತೆ, ನೀವು ಇದ್ದಲ್ಲೇ ಇರ್ತೀರ, ಫೋನ್ ಬಂದ ದಿನ ಗೊತ್ತಾಗತ್ತೆ.

ಹೆಜ್ಜೆ 8: ಒಂದೇ ಮಾತು ಮೂರು ಸಲ

ಮಾತಿನ ವೇಗಕ್ಕೆ ಭಾಷಾ ಮೇಷ್ಟ್ರುಗಳು ಬಳಸೋ 4/3/2 ಅನ್ನೋ ಒಂದು ಅಭ್ಯಾಸ ಇದೆ, ನ್ಯೂಜಿಲೆಂಡಿನ ಪಾಲ್ ನೇಷನ್ ಅನ್ನೋರು ಇದನ್ನ ಪ್ರಯೋಗ ಮಾಡಿ ಬರೆದಿದಾರೆ. ಒಂದೇ ವಿಷಯವನ್ನ ಒಬ್ರಿಗೆ 4 ನಿಮಿಷ ಹೇಳಿ, ಅದನ್ನೇ ಇನ್ನೊಬ್ರಿಗೆ 3 ನಿಮಿಷದಲ್ಲಿ, ಮತ್ತೊಬ್ರಿಗೆ 2 ನಿಮಿಷದಲ್ಲಿ. ಏನು ಹೇಳ್ಬೇಕು ಅನ್ನೋ ಯೋಚನೆ ಮೊದಲ ಸಲದಲ್ಲೇ ಮುಗಿದಿರತ್ತೆ, ಹಾಗಾಗಿ ಮೂರನೇ ಸಲಕ್ಕೆ ಬಾಯಿ ತಾನಾಗೇ ಓಡತ್ತೆ. ನಮ್ಮ ಭಾನುವಾರದ ಕ್ಲಾಸಲ್ಲಿ ಇದನ್ನ ಮಾಡ್ಸಿದಾಗ ಹುಡುಗ್ರ ಮುಖದಲ್ಲಿ ಬರೋ ಆಶ್ಚರ್ಯ ನೋಡ್ಬೇಕು, ಅಯ್ಯೋ ಇದು ನಾನೇ ಮಾತಾಡಿದ್ದಾ ಅನ್ನೋ ಥರ. ವಿಷಯ ದೊಡ್ಡದೇನೂ ಬೇಡ. ನಿಮ್ಮೂರ ಡೇರಿ ಹಾಲು ಎಲ್ಲಿಗೆ ಹೋಗತ್ತೆ, ಹೇಗೆ ದುಡ್ಡು ಬರತ್ತೆ. ಅಮ್ಮನ ಸ್ವಸಹಾಯ ಸಂಘ ಹೇಗೆ ನಡೆಯತ್ತೆ. ಕೊಬ್ಬರಿ ರೇಟು ಯಾಕೆ ಏರಿಳಿಯತ್ತೆ. ಇದೆಲ್ಲಾ ಅಪ್ಪಟ ಬಿಸಿನೆಸ್ಸೇ, ಇಂಟರ್‌ವ್ಯೂನಲ್ಲಿ ಬಾಯಿಪಾಠದ ಸೆಲ್ಫ್ ಇಂಟ್ರಡಕ್ಷನ್‌ಗಿಂತ ಇದನ್ನ ಹೇಳಿದ ಹುಡುಗೀನ ಎದುರಿಗಿದ್ದೋರು ಮುಂದಕ್ಕೆ ಬಾಗಿ ಕೇಳಿದ್ದನ್ನ ನಾನು ನೋಡಿದೀನಿ.

ಕಾಲೇಜು, ಲೆಕ್ಚರರು, ಮನೆ

ಇವು ನಿಮ್ಮ ಕೈಲಿಲ್ಲ, ಆದ್ರೂ ಸ್ವಲ್ಪ ಬಗ್ಗಿಸ್ಬಹುದು. 90 ಜನರ ಕ್ಲಾಸಲ್ಲಿ ಲೆಕ್ಚರರು ಎಲ್ರ ಕೈಲೂ ಮಾತಾಡಿಸೋಕೆ ಆಗಲ್ಲ, ಸಿಲಬಸ್ ಮುಗಿಸ್ಬೇಕು, ಪರೀಕ್ಷೇಲಿ ಬರೋದು ಬರವಣಿಗೆ ಮಾತ್ರ, ಹಾಗಾಗಿ ನೋಟ್ಸ್ ಕೊಡ್ತಾರೆ, ನಾವು ಬಾಯಿಪಾಠ ಮಾಡ್ತೀವಿ. ಪರೀಕ್ಷೆ ಹೇಗಿರತ್ತೋ ಕಲಿಕೇನೂ ಹಾಗೇ ಆಗತ್ತೆ. ಆದ್ರೆ ನಾಲ್ಕು ಜನ ಒಟ್ಟಿಗೆ ಹೋಗಿ, ಸರ್ ವಾರಕ್ಕೊಂದು ಅರ್ಧ ಗಂಟೆ ಕ್ಲಾಸ್‌ರೂಮ್ ಕೊಡಿ, ನಮ್ಮ ಮೇಲ್ ಒಂದು ನೋಡಿ ಕೊಡಿ ಅಂತ ಕೇಳಿದ್ರೆ ಬೇಡ ಅಂದ ಲೆಕ್ಚರರನ್ನ ನಾನು ಕಂಡಿದ್ದು ಕಮ್ಮಿ. ಕೇಳೋರಿಲ್ಲ ಅನ್ನೋದೇ ಅವ್ರ ಬೇಜಾರು. ಅಕೌಂಟೆನ್ಸಿ ಹೇಳೋ ಮೇಡಂ ಹತ್ರನೂ ಹೋಗಿ, ಅವ್ರ ಹತ್ರ ನಿಜವಾದ ಇನ್‌ವಾಯ್ಸು, ಬ್ಯಾಂಕ್ ಲೆಟರ್, ಆಡಿಟ್ ರಿಪೋರ್ಟ್ ಇರತ್ತೆ, ಹೆಸರು ಅಳಿಸಿ ಕೊಟ್ರೆ ಅದಕ್ಕಿಂತ ಒಳ್ಳೆ ಪಠ್ಯ ಬೇರೆ ಇಲ್ಲ.

ಮನೇಲಿ ಜಾಗ ಇಲ್ಲ, ಗಲಾಟೆ, ಸಂಜೆ ಹಸು ಕರೆಯೋದಿರತ್ತೆ ಅನ್ನೋ ಹುಡುಗೀರಿದಾರೆ, ಅವ್ರಿಗೆ ನಾನು ಬಸ್ಸಿನ ಟೈಮ್ ಬಳಸ್ಕೊಳ್ಳಿ ಅಂತೀನಿ. ಒಬ್ಳು ಹುಡುಗಿ ದಿನಾ ಹೋಗ್ತಾ ಬರ್ತಾ ಎಂಬತ್ತು ನಿಮಿಷ ಬಸ್ಸಲ್ಲಿರ್ತಿದ್ಳು, ಆಡಿಯೋ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗೋವಾಗ ಕೇಳೋದು, ಬರೋವಾಗ ಪದಗಳ ಜೋಡಿ ತಿರುಗಿ ಹಾಕೋದು. ಮಾತಾಡೋ ಅಭ್ಯಾಸ ಮಾತ್ರ ಮಧ್ಯಾಹ್ನ ಕಾಲೇಜಿನ ಹಿಂದಿನ ಮರದ ಕೆಳಗೆ ಫ್ರೆಂಡ್ ಜೊತೆ. ಏಳು ತಿಂಗಳು ಬಿಡ್ದೆ ಮಾಡಿದ್ಳು, ಈಗ ಜಿಗಣಿಯಲ್ಲಿ ಒಂದು ಕಂಪನಿ ಪರ್ಚೇಸ್ ವಿಭಾಗದಲ್ಲಿದಾಳೆ.

ಒಂದು ದಿನದ ಲೆಕ್ಕ ಕೇಳಿದ್ರೆ ನಾನು ಕೊಡೋದು ಹೀಗೆ: ಕೇಳೋದು 20 ನಿಮಿಷ, ಪದಗಳು 10 ನಿಮಿಷ, ಮಾತು 20 ನಿಮಿಷ, ಬರೆಯೋದು 10 ನಿಮಿಷ. ಟೈಮ್ ಕಮ್ಮಿ ಇರೋ ದಿನ ಮಾತು ಮಾತ್ರ ಬಿಡ್ಬೇಡಿ, ಬೇರೆ ಯಾವುದು ಬಿಟ್ರೂ ಪರ್ವಾಗಿಲ್ಲ. ಪರೀಕ್ಷೆ ತಿಂಗಳಲ್ಲಿ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಿದ್ರೆ ಮತ್ತೆ ಶುರು ಮಾಡೋಕೆ ಮನಸ್ಸು ಬರಲ್ಲ.

ತಿಂಗಳ ಕೊನೇ ಭಾನುವಾರ ಮೊದಲ ದಿನ ಮಾಡಿದ ಆ ಎರಡು ನಿಮಿಷದ ವಿಷಯವನ್ನೇ ಮತ್ತೆ ರೆಕಾರ್ಡ್ ಮಾಡಿ, ಫೈಲಿಗೆ ತಾರೀಖು ಹಾಕಿ ಇಟ್ಕೊಳ್ಳಿ, ತಿಂಗಳು ಅಕ್ಷರದಲ್ಲಿ. ಹಳೇದು ಕೇಳ್ಬೇಡಿ. ಆರನೇ ತಿಂಗಳು ಮೊದಲನೇದು, ಕೊನೇದು ಎರಡನ್ನೂ ಒಂದಾದ್ಮೇಲೆ ಒಂದು ಹಾಕಿ, ಜೊತೇಲಿ ಆ ಫ್ರೆಂಡನ್ನೂ ಕೂರಿಸ್ಕೊಂಡು ಕೇಳಿ.